ಗಡಿ ದಾಟಿದ ಪಿಂಚಣಿ

ನಯಾಗರಾ ಜಲಪಾತದ ಒಂದು ದಡ ಅಮೆರಿಕಕ್ಕೆ ಸೇರಿದ್ದು, ಇನ್ನೊಂದು ಕೆನಡಾಕ್ಕೆ. ಜೀವಮಾನವೆಲ್ಲ ಬ್ರಿಟನ್ನಿನಲ್ಲಿ ದುಡಿದು, ಅಲ್ಲಿನ ರಾಷ್ಟ್ರೀಯ ವಿಮೆಗೆ ಸಮನಾಗಿ ವಂತಿಗೆ ಸಲ್ಲಿಸಿದ ಇಬ್ಬರು ನಿವೃತ್ತರು ಈ ಎರಡು ದಡಗಳಲ್ಲಿ ನೆಲೆಸಿದರೆಂದು ಭಾವಿಸೋಣ. ಅಮೆರಿಕದ ದಡದವರ ಬ್ರಿಟಿಷ್ ಪಿಂಚಣಿ ವರ್ಷವರ್ಷವೂ ಏರುತ್ತದೆ. ಕೆನಡಾದ ದಡದವರದು ಮೊದಲ ದಿನ ಎಷ್ಟಿತ್ತೋ ಅಷ್ಟರಲ್ಲೇ ನಿಂತುಬಿಡುತ್ತದೆ.

ಹೀಗೆ ಹೆಪ್ಪುಗಟ್ಟಿದ ಪಿಂಚಣಿಯವರು ಸುಮಾರು ನಾಲ್ಕೂವರೆ ಲಕ್ಷ ಮಂದಿ. ಹೆಚ್ಚಿನವರು ಆಸ್ಟ್ರೇಲಿಯಾ, ಕೆನಡಾಗಳಲ್ಲಿದ್ದಾರೆ. ಭಾರತವೂ ಈ ಪಟ್ಟಿಯಲ್ಲಿದೆ. ಆದುದರಿಂದ ಅಲ್ಲಿ ದುಡಿದು ಬೆಂಗಳೂರಿಗೋ ಮೈಸೂರಿಗೋ ಮರಳಿದವರಿಗೂ ಈ ನಿಯಮವೇ ಅನ್ವಯ. ಜಮೈಕಾಕ್ಕೆ ಹಿಂದಿರುಗಿದವರಿಗೆ ಏರಿಕೆ ಉಂಟು, ಟ್ರಿನಿಡಾಡಿಗೆ ಹಿಂದಿರುಗಿದವರಿಗೆ ಇಲ್ಲ!

ಆನೆಟ್ ಕಾರ್ಸನ್ ಎಂಬ ಮಹಿಳೆ 1989ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ನೆಲೆಸಿದರು. 2000ದಲ್ಲಿ ಅವರಿಗೆ ವಾರಕ್ಕೆ 67.50 ಪೌಂಡ್ ಮೂಲ ಪಿಂಚಣಿ ನಿಗದಿಯಾಯಿತು, ಮುಂದೆ ಏರಲಿಲ್ಲ. ಬ್ರಿಟನ್ನಿನಲ್ಲಿ ಪೂರ್ಣ ಮೂಲ ಪಿಂಚಣಿ 2024ರ ಏಪ್ರಿಲ್ ವೇಳೆಗೆ 169.50 ಪೌಂಡಿಗೆ ಮುಟ್ಟಿತ್ತು. ಆಕೆ ನ್ಯಾಯಾಲಯದ ಮೆಟ್ಟಿಲೇರಿದರು. 2005ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋಲು. 2010ರಲ್ಲಿ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ ಹದಿನೇಳು ನ್ಯಾಯಾಧೀಶರ ಪೈಕಿ ಹನ್ನೊಂದು ಮಂದಿ ಆಕೆಯ ವಿರುದ್ಧವೇ ನಿಂತರು.

ನ್ಯಾಯಾಧೀಶರ ವಾದ ಹಗುರವಾದದ್ದಲ್ಲ. ಪಿಂಚಣಿಯ ಏರಿಕೆ ಬ್ರಿಟನ್ನಿನ ಬೆಲೆಗಳನ್ನು ನೋಡಿ ನಿರ್ಧಾರವಾಗುವಂಥದು. ಬೇರೆ ದೇಶದ ಬೆಲೆ, ನಾಣ್ಯ, ತೆರಿಗೆಗಳೆಲ್ಲ ಬೇರೆ. ವಂತಿಗೆಯೆಂಬುದು ನಮ್ಮ ಹೆಸರಿನಲ್ಲಿ ಕೂಡಿಟ್ಟ ಗಂಟಲ್ಲ. ಇಂದು ದುಡಿಯುವವರ ಹಣದಿಂದಲೇ ಇಂದಿನ ವೃದ್ಧರಿಗೆ ಕೊಡುವುದು. ಇದೆಲ್ಲವನ್ನೂ ನಾನು ಒಪ್ಪುತ್ತೇನೆ. ಆದರೆ ಹಾಗಿದ್ದರೆ ಅಮೆರಿಕದಲ್ಲಿರುವವರಿಗೆ ಏರಿಕೆ ಕೊಡುವುದೇಕೆ? ಅಲ್ಲಿನ ಬೆಲೆ, ನಾಣ್ಯ ಬ್ರಿಟನ್ನಿನವೇ? ಆ ದೇಶದೊಡನೆ ಏರಿಕೆಗೆ ಅವಕಾಶವಿರುವ ಪರಸ್ಪರ ಒಪ್ಪಂದವಿದೆ ಎಂಬುದು ಸರ್ಕಾರದ ಉತ್ತರ. ಅಂಥದೊಂದು ಒಪ್ಪಂದವನ್ನು ನಾವೂ ಮಾಡಿಕೊಳ್ಳೋಣವೆಂದು ಕೆನಡಾ ಸರ್ಕಾರ ತಾನಾಗಿ ಕೇಳಿದರೂ ಬ್ರಿಟನ್ ಒಪ್ಪಲಿಲ್ಲ. ಬಾಗಿಲಿಗೆ ತಾನೇ ಅಗುಳಿ ಹಾಕಿಕೊಂಡು, ಬಾಗಿಲು ಮುಚ್ಚಿದೆಯಲ್ಲ ಎನ್ನುವ ಮಾತಿದು. ನಿಜವಾದ ಕಾರಣ ಖರ್ಚು. ಅದನ್ನೇ ನೇರವಾಗಿ ಹೇಳಿದ್ದರೆ ವಾದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು.

ತುಟ್ಟಿಭತ್ಯೆ ಏರಿದ ಸುದ್ದಿಯನ್ನು ಪತ್ರಿಕೆಯಲ್ಲಿ ಮೊದಲು ಹುಡುಕುವ ನನ್ನಂಥ ನಿವೃತ್ತ ಮೇಷ್ಟರಿಗೆ, ಹತ್ತಿಪ್ಪತ್ತು ವರ್ಷ ಒಂದೇ ಮೊತ್ತದಲ್ಲಿ ಸಂಸಾರ ತೂಗಿಸುವುದೆಂದರೇನು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಂಬತ್ತರ ನಂತರ ಔಷಧದ ಖರ್ಚೇ ಹೆಚ್ಚು. ಬೇರೆ ದುಡಿಮೆ ಆಗದು.

ಇನ್ನೂ ಒಂದು ವಿಚಿತ್ರವಿದೆ. ಹೀಗೆ ಹೊರಗಿರುವವರು ನಾಲ್ಕು ವಾರಗಳ ಮಟ್ಟಿಗೆ ಬ್ರಿಟನ್ನಿಗೆ ಬಂದು ಉಳಿದರೆ, ಆ ನಾಲ್ಕು ವಾರ ಏರಿಸಿದ ಪಿಂಚಣಿಯನ್ನೇ ಪಡೆಯಬಹುದು. ಮರಳಿ ವಿಮಾನ ಹತ್ತಿದರೆ ಮತ್ತೆ ಹಳೆಯ ಮೊತ್ತ.