ರ್‍ಯಾಮಿಗೊಂದು ರಬ್ಬರು

ಬೆಂಗಳೂರಿನ ಪೀಣ್ಯದಲ್ಲಿ ಅಕ್ಕನ ಮನೆ. ನಿನ್ನೆ ಕರೆಂಟು ಹೋಗಿ ಬಂದಮೇಲೆ ಬಾವನ ಹಳೇ ಅಸೆಂಬಲ್ಡ್ ಕಂಪ್ಯೂಟರ್ ಏಳಲೇ ಇಲ್ಲ. ಫ್ಯಾನು ತಿರುಗುತ್ತೆ, ಬೀಪ್ ಬೀಪ್ ಅನ್ನುತ್ತೆ, ಪರದೆ ಮಾತ್ರ ಕಪ್ಪು. "ಹಾರ್ಡ್ ಡಿಸ್ಕೇ ಹೋಯ್ತು ಕಣೋ, ಫೋಟೋ ಎಲ್ಲ ಅದರಲ್ಲೇ ಇದೆ" ಅಂತ ಬಾವನ ಗೋಳು.

ಬೀಪ್ ಕೇಳಿದರೆ ಸಾಮಾನ್ಯವಾಗಿ ಅದು ಡಿಸ್ಕಿನ ತಂಟೆಯಲ್ಲ. ಬೋರ್ಡಿಗೆ ಮೆಮೊರಿಯೋ ಗ್ರಾಫಿಕ್ಸೋ ಸಿಗದಿದ್ದಾಗ ಹಾಗೆ ಕೂಗೋದು. ಪ್ಲಗ್ ಕಿತ್ತು, ರ್‍ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಅಕ್ಕನ ಮಗಳ ಜಾಮಿಟ್ರಿ ಬಾಕ್ಸಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಟಕ್ ಅನ್ನೋವರೆಗೆ ಒತ್ತಿದೆ. ಎದ್ದಿತು! ದಿನವಿಡೀ ಲಾರಿ ಓಡೋ ಪೀಣ್ಯ, ಧೂಳಿಗೇನು ಬರ. ತಾರೀಖು ಮಾತ್ರ 2009ರ ಜನವರಿ 1 ಅಂತಿತ್ತು. ಒಳಗಿನ ಸಿಆರ್ 2032 ಬಿಲ್ಲೆ ಬ್ಯಾಟರಿ ಸತ್ತಿದೆ.

ಹೀಗೆ ಕೈಯಾರೆ ಯಂತ್ರ ಎಬ್ಬಿಸುವಾಗ 2024ರ ಜುಲೈ 19 ನೆನಪಾಯಿತು. ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತ ಶುಕ್ರವಾರ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಸಾಲು ಬೆಳೆದದ್ದೇ ಬೆಳೆದದ್ದು. ಮದ್ದು? ಸೇಫ್ ಮೋಡಿಗೆ ಹೋಗಿ ಒಂದು ಫೈಲು ಅಳಿಸೋದು, ಬಹುತೇಕ ಒಂದೊಂದೇ ಯಂತ್ರಕ್ಕೆ, ಕೈಯಾರೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಮೊದಲು 48 ಅಂಕಿಯ ಕೀಲಿ ಬೇರೆ ಕುಟ್ಟಬೇಕು.

ಕ್ರೌಡ್‌ಸ್ಟ್ರೈಕಿನದು ಕಂಪನಿಗಳು ಕೊಳ್ಳೋ ತಂತ್ರಾಂಶ. ಹಾಗಾಗಿ ಅವತ್ತು ಬಾವನ ಈ ಡಬ್ಬಕ್ಕೆ ಏನೂ ಆಗಿರಲಿಲ್ಲ. ಈಗ ಫೋಟೋಗಳು ಪೆನ್ ಡ್ರೈವಿಗೆ ಏರುತ್ತಿವೆ, ಬಾವ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೊರಟಿದ್ದಾರೆ, ಬ್ಯಾಟರಿಗೆ. ಮೂಲೆಯ ವಾಚ್ ಅಂಗಡೀಲೇ ಸಿಗುತ್ತೆ ಅಂದರೂ ಕೇಳಲಿಲ್ಲ.