ಐವತ್ತು ವರ್ಷದ ಎಂಜಿನ್ನೂ, ಅಪ್ಪನ ಕಿವಿಯೂ

ಈ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಕಾರಣ ಹೇಳಿದ್ರೆ ನಗ್ತೀರಿ. ನಾನೊಂದು ಹಾಯಿದೋಣಿ ಕೊಂಡೆ!

ಪೂರ್ತಿ ನಂದೇ ಅಲ್ಲ ಮಾರಾಯ್ರೆ, ಆಫೀಸಿನ ಗೆಳೆಯನ ಜೊತೆ ಅರ್ಧ ಪಾಲು. ಅವನಿಗೆ ಹಾಯಿ ಗೊತ್ತು. ನಂಗೆ ತುಂಗೆಯ ದಡದಲ್ಲಿ ಹುಟ್ಟಿ ಬೆಳೆದರೂ ಈಜು ನೆಟ್ಟಗೆ ಬರಲ್ಲ. 1976ರ ಕ್ಯಾಟಲಿನಾ 30, ಅಂದ್ರೆ ವಯಸ್ಸಲ್ಲಿ ನನಗಿಂತ ಇಪ್ಪತ್ತು ವರ್ಷಕ್ಕೂ ದೊಡ್ಡದು. ಅಲಮೀಡಾ ಮತ್ತು ಓಕ್‌ಲ್ಯಾಂಡ್ ನಡುವೆ ಹಾದುಹೋಗುವ ಎಸ್ಚುರಿಯಲ್ಲಿ ಕಟ್ಟಿ ನಿಲ್ಲಿಸಿದೀವಿ. ಹಳೇ ಬೋಟು ಇಲ್ಲಿ ಅಗ್ಗ. ಅದನ್ನು ನಿಲ್ಲಿಸೋ ಜಾಗದ ಬಾಡಿಗೆ ಕೇಳಬೇಡಿ.

"ಗಾಳಿಯಲ್ಲಿ ಹೋಗೋ ದೋಣಿಗೆ ಎಂಜಿನ್ ಯಾಕೋ?" ಅಂತ ಅಮ್ಮ ಕೇಳಿದಳು. ನ್ಯಾಯವಾದ ಪ್ರಶ್ನೆ. ಸಾಲಾಗಿ ನಿಂತ ಬೋಟುಗಳ ನಡುವಿಂದ ಹೊರಗೆ ಬರೋಕೆ, ಒಳಗೆ ಹೋಗೋಕೆ, ಗಾಳಿ ಸತ್ತಾಗ ಮನೆ ಸೇರೋಕೆ ಅದು ಬೇಕು. ನಮ್ಮದರಲ್ಲಿ ಇರೋದು ಯೂನಿವರ್ಸಲ್ ಕಂಪನಿಯ ಅಟಾಮಿಕ್ ಫೋರ್. ಹೆಸರು ಕೇಳಿ ಅಣುಸ್ಥಾವರ ಅಂದ್ಕೋಬೇಡಿ, ನಾಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಅಷ್ಟೇ, 30 ಹಾರ್ಸ್‌ಪವರ್. 1949ರಿಂದ 1984ರವರೆಗೆ ಸುಮಾರು 40 ಸಾವಿರ ತಯಾರಾದವಂತೆ. ಇವತ್ತಿಗೂ ಬಿಡಿಭಾಗ ಸಿಗತ್ತೆ. ನಾನು ಮೂರು ವರ್ಷದ ಹಿಂದೆ ಬರೆದ ಕೋಡು ಇವತ್ತು ಕಂಪೈಲ್ ಆಗಲ್ಲ :-)

ಹೇಳಿಕೊಳ್ಳೋಕೆ ನಾನು ಮೆಕ್ಯಾನಿಕಲ್ ಬಿ.ಇ. ಆಟೋ ಸೈಕಲ್ಲಿನ ಪಿ-ವಿ ಡಯಾಗ್ರಾಮ್ ನಿದ್ದೆಗಣ್ಣಲ್ಲೂ ಬರೀತೀನಿ. ಆದ್ರೆ ಆ ಕತ್ತಲ ಗೂಡಿನ ಮುಚ್ಚಳ ತೆಗೆದಾಗ ಯಾವುದು ಕಾರ್ಬ್ಯುರೇಟರ್ರು ಅಂತ ಗೊತ್ತಾಗ್ಲಿಲ್ಲ.

ಮೊದಲು ಕಲಿತದ್ದು ಹೆದರೋದನ್ನ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಹೋಗಿ ಕೂರತ್ತೆ. ಕೀಲಿ ತಿರುಗಿಸಿದಾಗ ಒಂದು ಕಿಡಿ ಸಾಕು. ಅದಕ್ಕೇ ಸ್ಟಾರ್ಟ್ ಮಾಡೋಕೆ ಮುಂಚೆ ನಾಕು ನಿಮಿಷ ಬ್ಲೋವರ್ ಓಡಿಸಿ, ಬಗ್ಗಿ ಮೂಸಿ ನೋಡಬೇಕು. ಎರಡನೇದು, ಎಂಜಿನ್ ಹತ್ತದಿದ್ರೆ ಸುಮ್ಮನೆ ಸ್ಟಾರ್ಟರ್ ಒತ್ತುತ್ತಾ ಕೂರಬಾರದು. ಎಂಜಿನ್ ಸುತ್ತಿದ ಹಾಗೆಲ್ಲ ಪಂಪು ಸಮುದ್ರದ ನೀರು ಎಳೀತಿರತ್ತೆ, ಅದನ್ನು ಹೊರಗೆ ದಬ್ಬೋ ಹೊಗೆ ಮಾತ್ರ ಇರಲ್ಲ. ಮಫ್ಲರ್ ತುಂಬಿ ನೀರು ಹಿಂದಕ್ಕೆ, ಸಿಲಿಂಡರಿನೊಳಗೆ! ಮೊದಲು ನೀರಿನ ಕವಾಟ ಮುಚ್ಚು, ಹತ್ತಿದ ತಕ್ಷಣ ತೆರೆ.

ಮೊದಲ ಸಲ ಹೊರಗೆ ಹೋದಾಗ ಮುದುಕ ಚೆನ್ನಾಗೇ ಓಡಿದ. ಮುಕ್ಕಾಲು ಗಂಟೆ ಕಳೆದಿರಬೇಕು, ಕೋಸ್ಟ್ ಗಾರ್ಡ್ ದ್ವೀಪದ ಹತ್ತಿರ ಕೆಮ್ಮದೆ, ಕ್ಯಾಕರಿಸದೆ, ಸ್ವಿಚ್ ಆರಿಸಿದ ಹಾಗೆ ನಿಂತುಬಿಟ್ಟ. ಗಾಳಿ ಇಲ್ಲ. ಹಾಯಿ ಏರಿಸಿದ್ರೆ ಒದ್ದೆ ಪಂಚೆ ಹಾಗೆ ಜೋತುಬಿತ್ತು. ನೀರಿನ ಸೆಳೆತ ನಮ್ಮನ್ನು ನಿಧಾನಕ್ಕೆ ಬೇರೆಯವರ ಹೊಳೆಯೋ ಬೋಟುಗಳ ಸಾಲಿನ ಕಡೆ ಒಯ್ಯುತ್ತಿತ್ತು. ಗೆಳೆಯ ಆಂಕರ್ ಎಸೆದ, ನಾನು ದೇವರನ್ನು ನೆನೆದೆ. ಅರ್ಧ ಗಂಟೆ ಬಿಟ್ಟು ಸುಮ್ಮನೆ ಕೀಲಿ ತಿರುಗಿಸಿದ್ರೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್!

ನಮ್ಮ ಕಸುಬಲ್ಲಿ ಇಂಥ ಬಗ್ಗಿಗೆ ಎಲ್ಲರೂ ಹೆದರ್ತಾರೆ. ತಾನೇ ಬಂದು ತಾನೇ ಹೋಗೋದು.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ನಮ್ಮದು ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯೋಕೆ ಒಂದು ಸೀಮೆಎಣ್ಣೆ ಎಂಜಿನ್ ಇತ್ತು. ಅದು ಅಪ್ಪನ ಮಾತು ಮಾತ್ರ ಕೇಳ್ತಿತ್ತು. ನಾನು ಪಿಯುಸಿ ಓದುವಾಗ ಒಂದು ಆಷಾಢದ ಭಾನುವಾರ, ಸುರಿಯೋ ಮಳೆಯಲ್ಲಿ ಪ್ಲಗ್ ಹಿಡಿ, ಕಿಡಿ ನೋಡೋಣ ಅಂದ್ರು. ಶಾಕ್ ಹೊಡೀತು. ಪ್ಲಗ್ ಕೆಸರಿಗೆ ಎಸೆದು "ಇದೆಲ್ಲ ಮಾಡಬಾರದು ಅಂತಾನೇ ನಾನು ಓದ್ತಿರೋದು" ಅಂತ ಕೂಗಿದ್ದೆ. ಕೆಲಸದಾಳುಗಳ ಎದುರಿಗೆ. ಅಪ್ಪ ಏನೂ ಅನ್ನಲಿಲ್ಲ. ಪ್ಲಗ್ ಹೆಕ್ಕಿ ಪಂಚೆಗೆ ಒರೆಸಿಕೊಂಡ್ರು. ಆಮೇಲೆ ಯಾವತ್ತೂ ನನ್ನ ಕರೀಲಿಲ್ಲ. ಫೋನಲ್ಲೂ ಅಷ್ಟೇ, "ಊಟ ಆಯ್ತಾ? ಚಳಿ ಇದೆಯಾ? ತಡಿ, ಅಮ್ಮಂಗೆ ಕೊಡ್ತೀನಿ."

ಆವತ್ತು ಫೋನ್ ಎತ್ತಿದ್ದು ಅಪ್ಪ. ಹೇಳಲೋ ಬೇಡವೋ ಅಂತಾನೇ ದೋಣಿ ನಿಂತ ಕತೆ ಹೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಿಂತಾಗ ಕಿಡಿ ಇತ್ತಾ, ಎಣ್ಣೆ ಇತ್ತಾ?"

ನೋಡಿರಲಿಲ್ಲ. "ನಿಂತಾಗ ನೋಡಬೇಕು. ಮತ್ತೆ ಹತ್ತಿದ ಮೇಲೆ ನೋಡಿ ಏನು ಬಂತು?" ಅಂದ್ರು. ಇದಕ್ಕಿಂತ ಒಳ್ಳೇ ಡಿಬಗ್ಗಿಂಗ್ ಪಾಠ ನಂಗೆ ಯಾವ ಸೀನಿಯರೂ ಹೇಳಿಕೊಟ್ಟಿಲ್ಲ.

ಮುಂದಿನ ಶನಿವಾರ ಬೋಟನ್ನು ಡಾಕಿಗೆ ಬಿಗಿಯಾಗಿ ಕಟ್ಟಿ, ಗೇರ್ ಹಾಕಿ ಓಡಿಸಿದೆ. ಕಿಡಿ ಬಂದ್ರೆ ಮಿನುಗೋ ಪುಟ್ಟ ಬಲ್ಬಿನ ಟೆಸ್ಟರ್ ಪ್ಲಗ್ಗಿನ ತಂತಿಗೆ ಸಿಕ್ಕಿಸಿದ್ದೆ (ಪ್ಲಗ್ ಕೈಯಲ್ಲಿ ಹಿಡಿಯೋ ಶಾಸ್ತ್ರ ಬೋಟಲ್ಲಿ ಬೇಡ, ಆವಿ ನೆನಪಿದೆಯಲ್ಲ). ನಲವತ್ತು ನಿಮಿಷಕ್ಕೆ ನಿಂತಿತು. ಸ್ಟಾರ್ಟರ್ ಒತ್ತಿದ್ರೆ ಬಲ್ಬ್ ಕತ್ತಲೆ. ಇಗ್ನಿಷನ್ ಕಾಯಿಲ್ ಮುಟ್ಟಿದ್ರೆ ಕೈ ಸುಟ್ಟಿತು. ಆರಿದ ಮೇಲೆ ಮಲ್ಟಿಮೀಟರ್ ಹಿಡಿದೆ, 1.5 ಓಮ್. ಹೊರಗೊಂದು ರೆಸಿಸ್ಟರ್ ಇಟ್ಟು ಬಳಸಬೇಕಾದ ಕಾಯಿಲ್ಲನ್ನು ಯಾರೋ ನೇರ ಹಾಕಿದ್ದಾರೆ. ಇರಬೇಕಾದದ್ದು 3 ಓಮಿನ ಆಸುಪಾಸು. ಅರ್ಧ ರೆಸಿಸ್ಟೆನ್ಸು, ಎರಡು ಪಟ್ಟು ಕರೆಂಟು, ಎರಡು ಪಟ್ಟು ಬಿಸಿ. ಕಾದು ಕಾದು ಕೈ ಕೊಡತ್ತೆ, ತಣ್ಣಗಾದ್ರೆ ಮತ್ತೆ ಸರಿ. ನಾಕು ವರ್ಷದ ಇಂಜಿನಿಯರಿಂಗ್‌ನಲ್ಲಿ ಕೊನೆಗೂ ಉಪಯೋಗಕ್ಕೆ ಬಂದದ್ದು ಓಮನ ನಿಯಮ!

ಹೊಸ ಕಾಯಿಲ್ ಹಾಕಿ ಎರಡು ಗಂಟೆ ಓಡಿಸಿದೆ. ನಿಲ್ಲಲಿಲ್ಲ. ಖುಷಿಯಲ್ಲಿ ವಾಟ್ಸಾಪ್ ಕಾಲ್ ಮಾಡಿ ಫೋನನ್ನು ಎಂಜಿನ್ ಹತ್ತಿರ ಹಿಡಿದೆ. ನಂಗೆ ಶನಿವಾರ ಸಂಜೆ, ಅಪ್ಪಂಗೆ ಭಾನುವಾರ ಬೆಳಿಗ್ಗೆ. ಶಭಾಷ್ ಅಂತಾರೆ ಅಂದ್ಕೊಂಡೆ.

"ಎಷ್ಟು ಸಿಲಿಂಡರ್ ಅಂದೆ?"

"ನಾಕು."

"ಮೂರೇ ಬಡೀತಿದೆಯಲ್ಲೋ."

ನಂಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಆದ್ರೂ ರಬ್ಬರ್ ಗ್ಲೌಸ್ ಹಾಕ್ಕೊಂಡು, ಬ್ಲೋವರ್ ಓಡಿಸಿ, ಒಂದೊಂದೇ ಪ್ಲಗ್ಗಿನ ತಂತಿ ಬಿಡಿಸಿ ನೋಡಿದೆ. ಒಂದು, ಎರಡು, ನಾಕು ತೆಗೆದಾಗ ಎಂಜಿನ್ ತಡವರಿಸ್ತು. ಮೂರನೇದು ತೆಗೆದಾಗ ಅದಕ್ಕೆ ಗೊತ್ತೇ ಆಗಲಿಲ್ಲ. ಕಂಪ್ರೆಶನ್ ಅಳೆದ್ರೆ ಉಳಿದ ಮೂರರಲ್ಲಿ 90ರ ಮೇಲೆ, ಅದರಲ್ಲಿ 20. ವಾಲ್ವ್ ಅಂಟಿಕೊಂಡಿದೆ, ಈ ಎಂಜಿನ್ನಿನ ಹಳೇ ಕಾಯಿಲೆ. ಮದ್ದು ಒಂದು ಕೆಂಪು ಎಣ್ಣೆ, ಹೆಸರು ಮಾರ್ವೆಲ್ ಮಿಸ್ಟರಿ ಆಯಿಲ್. ಸಿಲಿಂಡರಿಗೆ ಬಿಟ್ಟು ನೆನೆಯೋಕೆ ಇಡಬೇಕು. "ಮಿಸ್ಟರಿ ಅಂದ್ರೆ? ಅದರೊಳಗೆ ಏನಿದೆ?" ಅಂತ ಅಪ್ಪ ಅದರ ಬಗ್ಗೆಯೇ ಇಪ್ಪತ್ತು ನಿಮಿಷ ಮಾತಾಡಿದ್ರು. ಅಮ್ಮ ಹಿಂದಿನಿಂದ ಫೋನ್ ಕೇಳ್ತಾ ಇದ್ದಳು. ಕೊಡಲೇ ಇಲ್ಲ.

ಎಣ್ಣೆ ಬಿಟ್ಟು ಆರು ದಿನ ಆಯ್ತು. ನಾಳೆ ಸಂಜೆ ಏಳಕ್ಕೆ ಸ್ಟಾರ್ಟ್ ಮಾಡೋದು ಅಂತ ಮಾತಾಗಿದೆ. ಬೆಳಿಗ್ಗೆ ಬೇಗ ಕಾಫಿ ಕುಡಿದು ಕೂತಿರ್ತೀನಿ, ಈ ಸಲ ಫೋನ್ ಸ್ವಲ್ಪ ದೂರ ಹಿಡಿ ಅಂದಿದಾರೆ.