ಪೀಕಿಂಗಿನಿಂದ ಪ್ಯಾರಿಸ್ಸಿಗೆ ಐದು ಬಂಡಿಗಳು

1907ರ ಜನವರಿ 31ರಂದು ಪ್ಯಾರಿಸ್ಸಿನ ‘ಲ ಮಾತೆಂ’ ಎಂಬ ದಿನಪತ್ರಿಕೆ ಜಗತ್ತಿಗೆ ಒಂದು ಸವಾಲನ್ನು ಎಸೆಯಿತು. ಬರುವ ಬೇಸಿಗೆಯಲ್ಲಿ ಪ್ಯಾರಿಸ್ಸಿಗೂ ಪೀಕಿಂಗಿಗೂ ನಡುವಣ ದೂರವನ್ನು ಮೋಟಾರು ಕಾರಿನಲ್ಲಿ ಕ್ರಮಿಸುವವರು ಯಾರಾದರೂ ಇದ್ದಾರೆಯೇ ಎಂಬುದೇ ಆ ಸವಾಲು. ಇಂದಿನ ಬೀಜಿಂಗಿಗೆ ಅಂದಿನ ಹೆಸರು ಪೀಕಿಂಗ್. ದೂರ ಸುಮಾರು 15,000 ಕಿಲೋಮೀಟರು. ಆ ದಾರಿಯ ಬಹುಭಾಗದಲ್ಲಿ ರಸ್ತೆಯೆಂಬುದೇ ಇರಲಿಲ್ಲ. ಒಂಟೆಗಳ ಸಾಲು ತುಳಿದ ಜಾಡು, ಎತ್ತಿನ ಗಾಡಿಗಳ ಗಾಲಿ ಕೊರೆದ ಗೆರೆ, ರೈಲು ಬಂದ ಮೇಲೆ ಯಾರಿಗೂ ಬೇಡವಾಗಿ ಕುಸಿಯುತ್ತಿದ್ದ ಹಳೆಯ ಹೆದ್ದಾರಿ, ಇಷ್ಟೇ.

ಬೇಸಿಗೆ ರಜೆಯಲ್ಲಿ ಕಾಶಿಗೋ ಕಾಶ್ಮೀರಕ್ಕೋ ಕುಟುಂಬಸಮೇತ ಹೊರಡುವ ಮನೆಗಳಲ್ಲಿ ಇಂದು ಮೊದಲು ಏಳುವ ಚರ್ಚೆ ಒಂದೇ: ದೊಡ್ಡ ಕಾರು ಲೇಸೋ, ಚಿಕ್ಕದು ಲೇಸೋ? ಅಂದೂ ಅದೇ ಚರ್ಚೆ ನಡೆಯಿತು. ಹೆಸರು ಕೊಟ್ಟವರು ಹಲವರು; ಹಡಗಿನಲ್ಲಿ ಬಂಡಿಯನ್ನು ಚೀನಕ್ಕೆ ಸಾಗಿಸಿದವರು ಐವರು ಮಾತ್ರ. ಫ್ರಾನ್ಸಿನ ಕೊರ್ಮಿಯೇ ಮತ್ತು ಕೊಲಿನ್ಯೋಂ ಎಂಬುವರು 10 ಅಶ್ವಶಕ್ತಿಯ ಎರಡು ಡಿ ಡಿಯೋನ್ ಕಾರುಗಳನ್ನು ತಂದರು. ಗೊದಾರ್ ಎಂಬಾತ ಹಾಲೆಂಡಿನ 15 ಅಶ್ವಶಕ್ತಿಯ ಸ್ಪೈಕರ್ ತಂದ. ಆಗುಸ್ತ್ ಪೋನ್ಸ್ ತಂದದ್ದು ಬರಿಯ 6 ಅಶ್ವಶಕ್ತಿಯ, ಮೂರು ಗಾಲಿಯ ಕೊಂತಾಲ್ ಬಂಡಿಯನ್ನು. ಇವರ ವಾದ ಸರಳವಾಗಿತ್ತು. ದಾರಿಯಿಲ್ಲದ ಕಡೆ ಭಾರವೇ ಶತ್ರು. ಹಗುರವಾದುದನ್ನು ಕೆಸರಿನಿಂದ ಎತ್ತಬಹುದು, ಹೊಳೆಯಲ್ಲಿ ದಾಟಿಸಬಹುದು. ಇದಕ್ಕೆ ಪ್ರತಿಯಾಗಿ ನಿಂತವನು ಇಟಲಿಯ ರಾಜಕುಮಾರ ಶಿಪಿಯೋನೆ ಬೋರ್ಗೇಸೆ. ಅವನ ಇಟಾಲಾ ಕಾರಿನ ಎಂಜಿನ್ನು 7 ಲೀಟರಿಗೂ ಮೀರಿದ ಗಾತ್ರದ್ದು, 35ರಿಂದ 45 ಅಶ್ವಶಕ್ತಿಯದು. ಎಳೆಯುವ ಶಕ್ತಿ ಇದ್ದರೆ ಭಾರವನ್ನು ಹೊರಬಹುದು ಎಂಬುದು ಅವನ ಲೆಕ್ಕ.

ಬೋರ್ಗೇಸೆ ಲೆಕ್ಕವನ್ನು ಊಹೆಗೆ ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಪೀಕಿಂಗಿನ ಉತ್ತರಕ್ಕೆ ಬೆಟ್ಟಗಳ ನಡುವೆ ಕಿರಿದಾದ ಕಣಿವೆದಾರಿಗಳಿವೆ. ಕಾರಿನ ಅಗಲಕ್ಕೆ ಸರಿಯಾಗಿ ಒಂದು ಬಿದಿರುಕೋಲನ್ನು ಕತ್ತರಿಸಿಕೊಂಡು, ಕುದುರೆಯೇರಿ ಆ ದಾರಿಗೆ ಮುಂಚಿತವಾಗಿಯೇ ಹೋಗಿ, ಬಂಡೆಗಳ ನಡುವೆ ಕೋಲನ್ನು ಅಡ್ಡ ಹಿಡಿದು ಅಳೆದು ಬಂದ. ಕೋಲು ಹಿಡಿದ ಕಡೆ ಕಾರೂ ಹಿಡಿಯುತ್ತದೆ. ನಾಲ್ಕೂ ಚಕ್ರಗಳಿಗೆ ಒಂದೇ ಅಳತೆಯ ಟೈರು ಹಾಕಿಸಿದ. ಒಂದು ಬಿಡಿ ಟೈರು ಯಾವ ಮೂಲೆಗಾದರೂ ಒದಗಲಿ ಎಂದು. ಚಕ್ರದ ಮೇಲಿನ ಮಡ್‌ಗಾರ್ಡುಗಳ ಬದಲಿಗೆ ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಕೂರಿಸಿದ. ಹಳ್ಳ ಎದುರಾದರೆ ಅವನ್ನೇ ಕಳಚಿ ಹಲಗೆಯಂತೆ ಹಾಸಬಹುದು. ದಾರಿಯುದ್ದಕ್ಕೂ ಪೆಟ್ರೋಲನ್ನು ಮುಂಚಿತವಾಗಿ ಕಳುಹಿಸಿ ಇರಿಸಿದ್ದ. ಗೋಬಿ ಮರುಭೂಮಿಯಲ್ಲಿ ಆ ಡಬ್ಬಗಳನ್ನು ಹೊತ್ತದ್ದು ಒಂಟೆಗಳು. ಹೊಸ ಯುಗದ ಬಂಡಿ ಹಳೆಯ ಯುಗದ ಬೆನ್ನೇರಿಯೇ ಹೊರಟಿತೆನ್ನಬೇಕು.

ಜೂನ್ 10ರಂದು ಐದೂ ಬಂಡಿಗಳು ಪೀಕಿಂಗನ್ನು ಬಿಟ್ಟವು. ನಾನ್‌ಕೌ ಕಣಿವೆಯಿಂದ ಕಾಲ್ಗನ್ ಪಟ್ಟಣದವರೆಗೆ ಕಾರುಗಳು ಪ್ರಯಾಣಿಕರನ್ನು ಹೊತ್ತವು ಎನ್ನುವುದಕ್ಕಿಂತ ಮನುಷ್ಯರು ಕಾರುಗಳನ್ನು ಹೊತ್ತರು ಎಂಬುದೇ ಸತ್ಯಕ್ಕೆ ಸಮೀಪ. ಇಟಾಲಾದ ಮೇಲ್ಕಟ್ಟನ್ನು ಕಳಚಿ, ಉಳಿದ ಅಸ್ಥಿಪಂಜರಕ್ಕೆ ಹಗ್ಗ ಬಿಗಿದು, ಚೀನೀ ಕೂಲಿಗಳು ಹೇಸರಗತ್ತೆಗಳೊಡನೆ ಸೇರಿ ಬಂಡೆಗಳ ಮೇಲೆ ಎಳೆದರು. ಇಳಿಜಾರಿನಲ್ಲಿ ಅದೇ ಹಗ್ಗವನ್ನು ಹಿಂದಿನಿಂದ ಹಿಡಿದು ತಡೆದರು. ಕಾರಿನ ಹೆಸರು, ಒಡೆಯನ ಹೆಸರು, ಯಂತ್ರಶಿಲ್ಪಿ ಗ್ವಿತ್ಸಾರ್ದಿಯ ಹೆಸರು ಚರಿತ್ರೆಯಲ್ಲಿ ಉಳಿದಿವೆ. ಹಗ್ಗ ಹಿಡಿದವರಲ್ಲಿ ಒಬ್ಬನ ಹೆಸರನ್ನೂ ಯಾರೂ ಹೇಳುವುದಿಲ್ಲ.

ಕಾಲ್ಗನ್ ದಾಟಿದರೆ ಮಂಗೋಲಿಯದ ಹುಲ್ಲುಗಾವಲು, ಅದರಾಚೆಗೆ ಗೋಬಿ. ಮರುಭೂಮಿಯೆಂದೊಡನೆ ಮರಳಿನ ದಿಣ್ಣೆಗಳೇ ಕಣ್ಣಿಗೆ ಬರುತ್ತವಾದರೂ ಗೋಬಿಯ ಹೆಚ್ಚಿನ ಭಾಗ ಗಟ್ಟಿಯಾದ ಗರಸು ನೆಲ. ಅಲ್ಲಿ ಇಟಾಲಾ ಹಾರುವಂತೆ ಓಡಿತು. ದಿಕ್ಕು ತೋರಲು ಇದ್ದದ್ದು ಟೆಲಿಗ್ರಾಫ್ ಕಂಬಗಳ ಸಾಲು ಮಾತ್ರ. ಬೋರ್ಗೇಸೆಯ ಜೊತೆಗಿದ್ದ ಪತ್ರಕರ್ತ ಲುಯಿಜಿ ಬರ್ಜೀನಿ ಪೋಂಗ್‌ಕಿಯೋಂಗ್ ಎಂಬ ಒಂಟಿ ತಂತಿಕಚೇರಿಯಲ್ಲಿ ತನ್ನ ಪತ್ರಿಕೆಗೆ ವರದಿ ಕಳುಹಿಸಿದಾಗ ಅದರ ಮೇಲೆ ಬಿದ್ದ ಅಂಕೆ 1. ಆ ದಿನದ ಮೊದಲ ತಂತಿಯೇನೋ ಎಂದುಕೊಂಡರೆ, ಕಚೇರಿ ತೆರೆದಂದಿನಿಂದ ಅಲ್ಲಿಂದ ಹೊರಟ ಮೊದಲ ತಂತಿಯೇ ಅದಾಗಿತ್ತು.

ಅದೇ ನೆಲದಲ್ಲಿ ಪೋನ್ಸ್‌ನ ಮೂರು ಗಾಲಿಯ ಬಂಡಿ ಸೋತಿತು. ಗಾಡಿಹಾದಿಯ ಎರಡು ಜಾಡುಗಳಲ್ಲಿ ಎರಡು ಗಾಲಿಗಳು ಓಡಿದರೆ ಮೂರನೆಯದು ನಡುವಣ ದಿಬ್ಬದ ಮೇಲೆ ಏರಿಯೇ ಸಾಗಬೇಕು. ಹಗುರವಾದ ಬಂಡಿ ಹೆಚ್ಚು ಪೆಟ್ರೋಲನ್ನೂ ಹೊರಲಾರದು. ಇಂಧನ ತೀರಿತು. ಪೋನ್ಸ್ ಮತ್ತು ಅವನ ಸಂಗಡಿಗ ನೀರಿಲ್ಲದೆ ನಡೆದು ಸಾಯುವ ಸ್ಥಿತಿಗೆ ಬಂದಾಗ ಅಲೆಮಾರಿ ಜನ ಅವರನ್ನು ಕಂಡು ಉಳಿಸಿದರು. ಗೊದಾರನ ಸ್ಪೈಕರ್ ಕೂಡ ಗೋಬಿಯಲ್ಲಿ ಪೆಟ್ರೋಲ್ ಮುಗಿದು ನಿಂತಿತು. ಮುಂದೆ ಹೋದ ಡಿ ಡಿಯೋನ್‌ಗಳು ಇಂಧನ ಕಳುಹಿಸುವವರೆಗೆ ಅವನು ಬಿಸಿಲಿನಲ್ಲಿ ಕಾಯಬೇಕಾಯಿತು. ಕಾರಿನ ಗುಣವನ್ನು ಅಶ್ವಶಕ್ತಿಯಿಂದ ಅಳೆಯುವವರು ಈ ಒಂದು ಹಗಲನ್ನು ನೆನೆಯಬೇಕು. ಸ್ಪೈಕರ್‌ನಲ್ಲಿ ದೋಷವೇನೂ ಇರಲಿಲ್ಲ. ಮುಂದಿನ ಪೆಟ್ರೋಲು ಎಷ್ಟು ದೂರದಲ್ಲಿದೆ, ಟ್ಯಾಂಕು ಎಷ್ಟು ದೂರಕ್ಕೆ ಸಾಕು ಎಂಬ ಎರಡು ಅಂಕೆಗಳು ಹೊಂದಲಿಲ್ಲ, ಅಷ್ಟೇ.

ಉರ್ಗಾ ಎಂದರೆ ಇಂದಿನ ಉಲಾನ್‌ಬಾತರ್. ಅದನ್ನು ದಾಟಿದ ಮೇಲೆ ಜೌಗುನೆಲ ಬಂತು. ಅಲ್ಲಿ ಭಾರದ ಬೆಲೆಯನ್ನು ಇಟಾಲಾ ತೆರಬೇಕಾಯಿತು. ಕಾರು ಕೆಸರಿನಲ್ಲಿ ಹೂತುಹೋಗಿ ಎತ್ತುಗಳಿಂದ ಎಳೆಸಿಕೊಂಡಿತು. ಬೈಕಲ್ ಸರೋವರದ ದಂಡೆಯಲ್ಲಂತೂ ಹಳೆಯ ರಸ್ತೆಯ ಮರದ ಸೇತುವೆಗಳು ಕೊಳೆತುಹೋಗಿದ್ದವು. ಬೋರ್ಗೇಸೆ ಅನುಮತಿ ಪಡೆದು ರೈಲುಹಳಿಯ ಮೇಲೆಯೇ, ಮರದ ಸ್ಲೀಪರುಗಳ ಮೇಲೆ ಕುಲುಕುತ್ತ, ಕಾರನ್ನು ನಡೆಸಿದ. ರಸ್ತೆ ಹಿಡಿದಾಗ ಒಂದು ಸೇತುವೆ ಕಾರಿನ ಭಾರಕ್ಕೆ ಮುರಿದು, ಇಟಾಲಾ ಮೂವರೊಡನೆ ಕೆಳಗೆ ಬಿತ್ತು. ರೈಲ್ವೆ ಕೆಲಸಗಾರರು ಹಗ್ಗ, ದಿಮ್ಮಿಗಳನ್ನು ತಂದು ಮೇಲೆತ್ತಿದರು. ಎಂಜಿನ್ನು ಮತ್ತೆ ಚಾಲೂ ಆಯಿತು. ಹಗುರವಾದ ಕಾರಿನವರು ಹೇಳಿದ್ದೂ ಸುಳ್ಳಲ್ಲ ಎಂದು ಆ ಸೇತುವೆಯೇ ಸಾಕ್ಷಿ ನುಡಿಯಿತು. ಆದರೆ ಬಿದ್ದೂ ಎದ್ದು ಓಡುವಷ್ಟು ಗಟ್ಟಿಯಾದ ಕಟ್ಟೂ ಆ ಭಾರದಲ್ಲಿಯೇ ಇತ್ತು.

ಆ ಕಾಲದ ಕಾರಿನ ಚಕ್ರ ಮರದ್ದು. ಮರುಭೂಮಿಯ ಒಣಹವೆಗೆ ಅದರ ಕೀಲುಗಳು ಸಡಿಲಗೊಂಡವು. ನಮ್ಮ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಗಾಡಿಯ ಗಾಲಿಯನ್ನು ನೀರಿನಲ್ಲಿ ನೆನೆಹಾಕುತ್ತಿದ್ದಂತೆ ಅವರೂ ಚಕ್ರವನ್ನು ನೆನೆಸಿ ಉಬ್ಬಿಸಿ ನೋಡಿದರು. ಕಡೆಗೆ ರಷ್ಯದ ಪೆರ್ಮ್ ಸೀಮೆಯಲ್ಲಿ ಒಂದು ಚಕ್ರ ಕೈಕೊಟ್ಟಿತು. ಬಿಡಿಭಾಗ ದೊರೆಯುವ ಅಂಗಡಿ ಸಾವಿರಾರು ಮೈಲಿ ದೂರ. ಹಳ್ಳಿಯ ಬಡಗಿಯೊಬ್ಬ ಕೊಡಲಿಯೊಂದನ್ನೇ ಹೆಚ್ಚಾಗಿ ನೆಚ್ಚಿ ಹೊಸ ಚಕ್ರವನ್ನು ಕಡೆದುಕೊಟ್ಟ. ಟುರಿನ್ನಿನ ಕಾರ್ಖಾನೆಯ ಕಾರು ರಷ್ಯದ ಹಳ್ಳಿಯ ಚಕ್ರದ ಮೇಲೆ ಪ್ಯಾರಿಸ್ಸಿನತ್ತ ಸಾಗಿತು. ದೂರಪ್ರಯಾಣಕ್ಕೆ ಕಾರು ಆರಿಸುವವರು ಕೇಳಬೇಕಾದ ಪ್ರಶ್ನೆ ಇದರಲ್ಲೇ ಅಡಗಿದೆ: ಕೆಟ್ಟರೆ ದಾರಿಯ ಊರಿನವನು ಇದನ್ನು ರಿಪೇರಿ ಮಾಡಬಲ್ಲನೇ? ಇಂದಿನ ಕಾರುಗಳು ಕೆಡುವುದು ಅಪರೂಪ, ನಿಜ. ಕೆಟ್ಟಾಗ ಕೊಡಲಿಯಿಂದ ಸರಿಹೋಗುವ ಭಾಗ ಅವುಗಳಲ್ಲಿ ಒಂದೂ ಇಲ್ಲ.

ಗೊದಾರನ ಕಥೆ ಬೇರೆಯೇ ಬಗೆಯದು. ಅವನ ಬಳಿ ಹಣವಿರಲಿಲ್ಲ. ಸಾಲದ ಮೇಲೆ, ಮಾತಿನ ಬಲದ ಮೇಲೆ ಊರೂರು ದಾಟಿದವನು. ಸೈಬೀರಿಯದಲ್ಲಿ ಸ್ಪೈಕರ್‌ನ ಮ್ಯಾಗ್ನೆಟೊ ಕೆಟ್ಟಿತು. ಕಿಡಿ ಹುಟ್ಟಿಸುವ ಆ ಸಣ್ಣ ಯಂತ್ರವಿಲ್ಲದೆ ಎಂಜಿನ್ನು ಕಬ್ಬಿಣದ ಗಡ್ಡೆ. ಅವನು ರೈಲಿನಲ್ಲಿ ತೋಮ್ಸ್ಕ್ ನಗರಕ್ಕೆ ಹೋಗಿ, ಅಲ್ಲಿಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಅದನ್ನು ದುರಸ್ತಿ ಮಾಡಿಸಿದ. ರೈಲಿನಲ್ಲೇ ಮುಂದಕ್ಕೆ ಹೋಗಬಹುದಿತ್ತು. ಹೋಗಲಿಲ್ಲ, ಕೆಟ್ಟ ಜಾಗಕ್ಕೇ ಹಿಂದಿರುಗಿ, ಅಲ್ಲಿಂದ ಮತ್ತೆ ಹೊರಟು, ಹಗಲಿರುಳೂ ಓಡಿಸಿ ಡಿ ಡಿಯೋನ್‌ಗಳನ್ನು ಹಿಡಿದ. ಆದರೆ ಪ್ಯಾರಿಸ್ ಸೇರುವ ಮೊದಲೇ ವಂಚನೆಯ ಆರೋಪದ ಮೇಲೆ ಅವನ ಬಂಧನವಾಯಿತು. ಕಾರು ಗೆದ್ದರೂ ಕೈಚೀಲ ಸೋತಿತ್ತು.

ಬೋರ್ಗೇಸೆ ನಡುವೆ ಒಂದು ಔತಣಕ್ಕಾಗಿ ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗಿಗೆ ಸುತ್ತುಹಾಕಿಯೂ ಆಗಸ್ಟ್ 10ರಂದು ಪ್ಯಾರಿಸ್ ತಲುಪಿದ. ಎರಡು ಡಿ ಡಿಯೋನ್‌ಗಳೂ ಸ್ಪೈಕರೂ ಬಂದದ್ದು ಆಗಸ್ಟ್ 30ರಂದು. ಗೆದ್ದವನ ಹೆಸರನ್ನು ಮಾತ್ರ ನೆನೆಯುವವರಿಗೆ ದೊಡ್ಡ ಕಾರೇ ಸರಿಯೆನಿಸುತ್ತದೆ. ಆದರೆ ಹೊರಟ ನಾಲ್ಕು ಚಿಕ್ಕ ಬಂಡಿಗಳಲ್ಲಿ ಮೂರು ಮುಟ್ಟಿದವು. ಮನೆಮಂದಿಯನ್ನು ಕೂರಿಸಿಕೊಂಡು ಹೊರಡುವವರಿಗೆ ಇಪ್ಪತ್ತು ದಿನ ತಡವಾಗಿ ಮುಟ್ಟುವುದು ಸೋಲೇನೂ ಅಲ್ಲ. ಬೋರ್ಗೇಸೆಯ ಕಾರಿನ ಬೆಲೆಯೂ ಅವನ ಪದವಿಯೂ ಎಲ್ಲರಿಗೂ ಎಟಕುವಂಥವಲ್ಲ. ಅವನ ಬಿದಿರುಕೋಲು ಯಾರಿಗಾದರೂ ಎಟಕುತ್ತದೆ.

ಭೂಪಟ ತೆರೆದು ಕೂರುವ ಮಕ್ಕಳು ಕಾಲ್ಗನ್ ಎಂಬ ಹೆಸರನ್ನು ಹುಡುಕಿದರೆ ಸಿಗದು. ಈಗ ಅದು ಝಾಂಗ್‌ಜಿಯಾಕೌ. ಇಟಾಲಾ ಇಂದಿಗೂ ಟುರಿನ್ನಿನ ಮೋಟಾರು ವಸ್ತುಸಂಗ್ರಹಾಲಯದಲ್ಲಿದೆ. ಪೋನ್ಸ್‌ನ ಮೂರು ಗಾಲಿಯ ಬಂಡಿಯನ್ನು ಗೋಬಿಯಿಂದ ಯಾರೂ ಹಿಂದಕ್ಕೆ ತರಲಿಲ್ಲ.